ಡೇರೆ ಹೊರುವವರು ಯಾರು?

ಬೇಸಿಗೆ ರಜೆ ಬಂತು ಅಂದ್ರೆ ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದಿರುತ್ತೆ. ಅಪ್ಪನಿಗೆ ಡಿಕ್ಕಿ ತುಂಬ ಕುಕ್ಕರ್, ಅಕ್ಕಿ, ಹಾಸಿಗೆ ತುಂಬಿಕೊಂಡು ಕಾರ್ ಕ್ಯಾಂಪಿಂಗ್ ಹೋಗುವ ಆಸೆ. ಮಗಳಿಗೆ ಬೆನ್ನಿಗೆ ಚೀಲ ಹಾಕಿ ಬೆಟ್ಟ ಹತ್ತುವ ಆಸೆ. ಎರಡಕ್ಕೂ ಒಂದೇ ಟೆಂಟ್ ಸಾಕಾ? ಅಂಗಡಿಗೆ ಹೋಗುವ ಮುಂಚೆ ಟೆಂಟಿನ ಹಳೇ ಕತೆ ಸ್ವಲ್ಪ ಕೇಳಿ. ಉತ್ತರ ಅದರಲ್ಲೇ ಇದೆ.

ನಮ್ಮೂರಿನ ಕಡೆಯಿಂದಲೇ ಶುರುಮಾಡೋಣ. ವೇಲ್ಸ್‌ನ ಪೋವಿಸ್ ಕೋಟೆಯ ಸಂಗ್ರಹದಲ್ಲಿ ಟಿಪ್ಪು ಸುಲ್ತಾನನ ಡೇರೆ ಇದೆ. ಹೂಬಳ್ಳಿಯ ಚಿತ್ತಾರದ ಹತ್ತಿ ಬಟ್ಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಆಗಿನ ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಕುಟುಂಬದ ಪಾಲಾಯಿತು. ಮುಂದೆ ಅವರ ತೋಟದ ಔತಣಗಳಿಗೆ ನೆರಳಾಯಿತು! ಅರಸರ ಡೇರೆ ಎಷ್ಟು ಭಾರ ಇದ್ದರೂ ಅವರಿಗೇನೂ ಚಿಂತೆ ಇರಲಿಲ್ಲ. ಹೊರೋದಕ್ಕೆ ಎತ್ತು, ಒಂಟೆ, ಆನೆ ಇದ್ದವಲ್ಲ.

ಬೆಟ್ಟದ ಮೇಲೆ ಆ ಸೌಕರ್ಯ ಇಲ್ಲ. 1860ರ ದಶಕದಲ್ಲಿ ಆಲ್ಪ್ಸ್ ಹತ್ತುತ್ತಿದ್ದ ಎಡ್ವರ್ಡ್ ವಿಂಪರ್ ತಾನೇ ಒಂದು ಟೆಂಟ್ ರೂಪಿಸಿದ. ಕತ್ತರಿಯಂತೆ ಜೋಡಿಸಿದ ನಾಲ್ಕು ಮರದ ಕೋಲು, ಮೇಲೆ ಹಗ್ಗ, ಒಳಗೆ ನಾಲ್ಕು ಜನಕ್ಕೆ ಜಾಗ. ತೂಕ 23 ಪೌಂಡ್, ಅಂದ್ರೆ ಸುಮಾರು ಹತ್ತೂವರೆ ಕಿಲೋ. ಟೆಂಟ್ ಗಟ್ಟಿಯಾಗಿತ್ತು, ನಿಜ. ಆದರೆ ಅದನ್ನು ಹೊತ್ತವನು ಲುಕ್ ಮೇನೆ ಅನ್ನುವ ಗೂನುಬೆನ್ನಿನ ಹಳ್ಳಿಗ. ಮುಂದೆ ಮಮ್ಮೆರಿ ಅನ್ನುವ ಇನ್ನೊಬ್ಬ ಪರ್ವತಾರೋಹಿ ರೇಷ್ಮೆ ಬಟ್ಟೆಯ ಪುಟ್ಟ ಟೆಂಟ್ ಬಳಸಿದ. ಅದಕ್ಕೆ ಮಂಜುಗೊಡಲಿಗಳೇ ಕಂಬ. ಎರಡು ಕಿಲೋ ಕೂಡ ಇರಲಿಲ್ಲ, ಆದರೆ ಒಳಗೆ ತೆವಳಿಕೊಂಡೇ ಹೋಗಬೇಕು.

ಆಮೇಲೆ ಹೊರುವ ಕೆಲಸ ಕಾರಿಗೆ ಬಂತು. ಅಮೆರಿಕದಲ್ಲಿ 1955ರಲ್ಲಿ ಬಿಲ್ ಮಾಸ್ ತಂದ ಪಾಪ್ ಟೆಂಟ್ ಛತ್ರಿಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಹೀಗೆ ದಾರಿ ಎರಡಾಯಿತು: ಕಾರಿಗೊಂದು ಟೆಂಟ್, ಬೆನ್ನಿಗೊಂದು ಟೆಂಟ್.

ಎರಡನ್ನೂ ಹತ್ತಿರ ತಂದದ್ದು ಒಂದು ಹೊಸ ಆಕಾರ. ಬಕ್‌ಮಿನ್‌ಸ್ಟರ್ ಫುಲ್ಲರ್ ಅವರ ತ್ರಿಕೋನಗಳ ಗುಮ್ಮಟದಿಂದ ಪ್ರೇರಣೆ ಪಡೆದು ದಿ ನಾರ್ತ್ ಫೇಸ್ ಕಂಪನಿ 1975ರಲ್ಲಿ ಓವಲ್ ಇಂಟೆನ್ಷನ್ ಎಂಬ ಟೆಂಟ್ ತಂದಿತು. ಬಿದಿರಿನ ಬುಟ್ಟಿ ನೆನಪಿಸಿಕೊಳ್ಳಿ. ಒಂದೇ ಸೀಳು ಸುಲಭವಾಗಿ ಬಗ್ಗುತ್ತೆ, ಹೆಣೆದ ಬುಟ್ಟಿ ಹಾಗೆ ಬಗ್ಗಲ್ಲ. ಟೆಂಟಿನಲ್ಲೂ ಅಷ್ಟೇ. ತೆಳ್ಳಗಿನ ಕೋಲುಗಳು ಹಲವು ಕಡೆ ಒಂದನ್ನೊಂದು ದಾಟಿದರೆ, ಗಾಳಿ ಒಂದರ ಮೇಲೆ ಹಾಕುವ ಒತ್ತಡವನ್ನು ಉಳಿದವು ಹಂಚಿಕೊಳ್ಳುತ್ತವೆ. ಗಟ್ಟಿತನ ತೂಕದಿಂದಲೇ ಬರಬೇಕಿಲ್ಲ, ಹೆಣಿಗೆಯಿಂದಲೂ ಬರುತ್ತೆ.

ಇದು ನನಗೆ ತಡವಾಗಿ ಅರ್ಥವಾಯಿತು. ಭಾರವಾಗಿದೆ, ಹಾಗಾಗಿ ಗಟ್ಟಿ ಇರಬೇಕು ಅಂತ ನಾನು ಕೊಂಡ ಮೊದಲ ಟೆಂಟಿನಲ್ಲಿ ಎರಡೇ ಕೋಲು, ನೆತ್ತಿಯಲ್ಲಿ ಒಂದೇ ಕಡೆ ದಾಟುತ್ತಿದ್ದವು. ಕೆರೆಯ ದಡದಲ್ಲಿ ಅರ್ಧರಾತ್ರಿ ಗಾಳಿ ಎದ್ದಾಗ ಅದು ನಮ್ಮ ಮುಖದ ಮೇಲೇ ಮಲಗಿತು. ನಡುಗುತ್ತಿದ್ದ ಮಗುವನ್ನು ಎತ್ತಿಕೊಂಡು ಕಾರಿಗೆ ಓಡಿದೆವು. ಕಾರು ಪಕ್ಕದಲ್ಲಿತ್ತು, ಬದುಕಿದೆವು. ಬೆಟ್ಟದ ಮೇಲೆ ಆಗಿದ್ದರೆ?

ಅದಕ್ಕೇ ಅಂಗಡಿಯಲ್ಲಿ ಮೊದಲು ಕೋಲುಗಳು ಎಷ್ಟು ಕಡೆ ದಾಟುತ್ತವೆ ಅಂತ ಎಣಿಸಿ. ಮಳೆಯ ಹೊದಿಕೆ ನೆಲದ ಹತ್ತಿರದವರೆಗೂ ಇಳಿಯುತ್ತಾ ನೋಡಿ. ಗಾಳಿಗೆ ಬಿಗಿಯುವ ಹಗ್ಗಗಳನ್ನು ಮರೆಯಬೇಡಿ. ಇಬ್ಬರಿಗೆ ಮೂವರ ಟೆಂಟ್ ಕೊಳ್ಳಿ, ಕಾರಿನ ಹತ್ತಿರ ಉಳಿದರೂ ಇಕ್ಕಟ್ಟಾಗಲ್ಲ. ಮೂರು ಕಿಲೋ ಒಳಗಿದ್ದರೆ ಬೆಟ್ಟಕ್ಕೂ ಸಾಗುತ್ತೆ: ಒಬ್ಬರು ಬಟ್ಟೆ ಹೊರಲಿ, ಇನ್ನೊಬ್ಬರು ಕೋಲು.

ದುಡ್ಡು ಕೊಡುವ ಮುಂಚೆ ಅದನ್ನೊಮ್ಮೆ ಬೆನ್ನಿಗೇರಿಸಿ ಅಂಗಡಿಯೊಳಗೆ ನಾಲ್ಕು ಸುತ್ತು ನಡೆಯಿರಿ. ನಮಗೆ ಆನೆಯೂ ಇಲ್ಲ, ಲುಕ್ ಮೇನೆಯೂ ಇಲ್ಲ.