ಗಾಲಿಯೊಳಗಿನ ಗಾಳಿ



ರಾಯದುರ್ಗ, ಮಡಕಶಿರ ಕಡೆಯ ನಮ್ಮ ಕೇಳುಗರಿಗೆ ಒಂದು ತಮಾಷೆ ಗೊತ್ತಿದೆ. ಕನ್ನಡದಲ್ಲಿ ಗಾಲಿ ಎಂದರೆ ಚಕ್ರ. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ಇಂದಿನ ಮಾತು ಈ ಎರಡೂ ಗಾಲಿಗಳದ್ದು. ಚಕ್ರದೊಳಗೆ ಗಾಳಿ ಕಡಿಮೆಯಾದುದನ್ನು ಕಾರೇ ಹೇಳುವಂತಾದದ್ದು ಹೇಗೆ, ಹೇಳಿದಾಗ ನಾವು ಮಾಡಬೇಕಾದದ್ದೇನು ಎಂಬುದನ್ನು ನೋಡೋಣ.

ಕಬ್ಬಿಣದ ಪಟ್ಟಿ ಬಿಗಿದ ಎತ್ತಿನ ಗಾಡಿಯ ಚಕ್ರಕ್ಕೆ ಗಾಳಿಯ ಚಿಂತೆ ಇರಲಿಲ್ಲ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದರೂ ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಹೊಸದಾಗಿ ರೂಪಿಸಿದರು. 1895ರ ಪ್ಯಾರಿಸ್–ಬೋರ್ಡೊ ಓಟದಲ್ಲಿ ಮಿಷಲಿನ್ ಸಹೋದರರು ಅಂಥ ಟೈರುಗಳ ಮೇಲೆ ಕಾರನ್ನೇ ಓಡಿಸಿದರು. ಸವಾರಿ ಮೆತ್ತಗಾಯಿತು, ಆದರೆ ಒಳಗಿನ ಗಾಳಿ ಎಷ್ಟಿದೆಯೆಂದು ತಿಳಿಯುವುದು ಹೇಗೆ?

ನಮ್ಮ ಲಾರಿ ಕ್ಲೀನರುಗಳು ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳಿ ಅಂದಾಜು ಮಾಡುತ್ತಾರೆ. ಕಾರಿನವರು ಕಣ್ಣನ್ನು ನಂಬಿದರು. ಆದರೆ ರೇಡಿಯಲ್ ಟೈರು ಬಂದ ಮೇಲೆ ಕಣ್ಣೂ ಮೋಸಹೋಯಿತು; ಗಾಳಿ ಸರಿಯಿದ್ದಾಗಲೂ ಅದರ ಹೊಟ್ಟೆ ಸ್ವಲ್ಪ ಉಬ್ಬಿಯೇ ಇರುತ್ತದೆ. ಗಾಳಿ ಕಡಿಮೆಯಾದರೆ ಪ್ರತಿ ಸುತ್ತಿಗೂ ಟೈರಿನ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದು ಕಾದು ಒಳಪದರಗಳ ಹಿಡಿತ ಸಡಿಲುತ್ತದೆ.

1986ರಲ್ಲಿ ಬಂದ ಪೋರ್ಷೆ 959 ಎಂಬ ದುಬಾರಿ ಕಾರಿನಲ್ಲಿ ಗಾಳಿಯ ಮೇಲೆ ಕಣ್ಣಿಡುವ ವ್ಯವಸ್ಥೆಯಿತ್ತು. ಸಾಮಾನ್ಯರ ಕಾರಿಗೆ ಅದು ಬಂದದ್ದು ಸಾವುಗಳ ನಂತರ. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳವು. ವೇಗದಲ್ಲಿ ಓಡುವಾಗ ಟೈರಿನ ಮೇಲ್ಪದರವೇ ಕಿತ್ತುಬಂದು ಗಾಡಿಗಳು ಮಗುಚಿದ್ದವು. 250ಕ್ಕೂ ಹೆಚ್ಚು ಜನ ಸತ್ತರು. ಟೈರಿನ ದೋಷದ ಜೊತೆಗೆ ಕಡಿಮೆ ಗಾಳಿ, ಬಿಸಿಲು, ಭಾರ ಎಲ್ಲವೂ ಚರ್ಚೆಗೆ ಬಂದವು. ಅದೇ ವರ್ಷದ ನವೆಂಬರ್ 1ರಂದು ಹೊಸ ಕಾನೂನಿಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು: ಗಾಳಿ ಇಳಿದರೆ ಕಾರು ಚಾಲಕನಿಗೆ ತಿಳಿಸಬೇಕು.

ಸಮಸ್ಯೆ ಅಲ್ಲಿಗೇ ಮುಗಿಯಲಿಲ್ಲ. ತಿಳಿಸುವ ದಾರಿ ಎರಡು. ಮೊದಲನೆಯದರಲ್ಲಿ ಪ್ರತಿ ಚಕ್ರದೊಳಗೂ ಒಂದು ಪುಟ್ಟ ಸೆನ್ಸರ್ ಇದ್ದು, ಗಾಳಿಯ ಒತ್ತಡವನ್ನು ಅಳೆದು ರೇಡಿಯೋ ಅಲೆಯಲ್ಲಿ ಕಳಿಸುತ್ತದೆ. ಹೌದು, ನೀವೀಗ ಕೇಳುತ್ತಿರುವಂತೆ ಅದೂ ಒಂದು ಬಾನುಲಿಯೇ! ಎರಡನೆಯದು ಅಗ್ಗ, ಅದು ಗಾಳಿಯನ್ನು ಅಳೆಯುವುದೇ ಇಲ್ಲ. ಗಾಳಿ ಇಳಿದ ಚಕ್ರ ತುಸು ಚಿಕ್ಕದಾಗಿ, ಉಳಿದವಕ್ಕಿಂತ ಬೇಗ ತಿರುಗುತ್ತದೆ. ಬ್ರೇಕಿನ ಎಬಿಎಸ್ ವ್ಯವಸ್ಥೆ ಹೇಗೂ ಚಕ್ರದ ವೇಗ ಎಣಿಸುತ್ತಿರುವುದರಿಂದ ಆ ವ್ಯತ್ಯಾಸ ಸಿಕ್ಕಿಬೀಳುತ್ತದೆ. 2002ರ ಸರಕಾರಿ ನಿಯಮ, ಒಂದೇ ಟೈರಿನ ಇಳಿತವನ್ನು ಹಿಡಿಯುವ ಅಗ್ಗದ ವ್ಯವಸ್ಥೆಗೂ ಒಪ್ಪಿತ್ತು. ಒಂದೇ ಪಕ್ಕದ ಎರಡೂ ಟೈರು ಸಮನಾಗಿ ಇಳಿದರೆ? ಗ್ರಾಹಕ ಸಂಘಟನೆಯಾದ ಪಬ್ಲಿಕ್ ಸಿಟಿಜನ್ ನ್ಯಾಯಾಲಯಕ್ಕೆ ಹೋಯಿತು. 2003ರಲ್ಲಿ ಆ ನಿಯಮ ಬಿದ್ದುಹೋಯಿತು. 2005ರ ನಿಯಮ ಬಿಗಿಯಾಗಿತ್ತು: ಒಂದಾಗಲಿ, ನಾಲ್ಕೂ ಆಗಲಿ, ಗಾಳಿ ನಿಗದಿಗಿಂತ 25 ಶೇಕಡಾ ಇಳಿದರೆ 20 ನಿಮಿಷದೊಳಗೆ ದೀಪ ಹೊತ್ತಬೇಕು. ಅಂದರೆ 32 ಪೌಂಡ್ ಇರಬೇಕಾದಲ್ಲಿ 24 ಆದಾಗ. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯವಾಯಿತು.

ಈಗ ರೀಸೆಟ್ ಗುಂಡಿಯ ಮಾತು. ಅದನ್ನು ಒತ್ತಿದಾಗ ನಾವು ಕಾರಿಗೆ, 'ಈಗಿರುವ ಗಾಳಿ ಸರಿಯಿದೆ, ಇದನ್ನೇ ಅಳತೆಯಾಗಿ ಇಟ್ಟುಕೋ' ಎಂದು ಮಾತು ಕೊಡುತ್ತೇವೆ. ಚಕ್ರದ ವೇಗ ನೋಡುವ ವ್ಯವಸ್ಥೆಗಂತೂ ಅದಕ್ಕಿಂತ ಬೇರೆ ಆಧಾರವಿಲ್ಲ. ದೀಪ ಕಂಡು ಕಿರಿಕಿರಿಯಾಗಿ ಗಾಳಿ ಹೊಡೆಸದೆ ಗುಂಡಿ ಒತ್ತಿದರೆ, ಸುಳ್ಳನ್ನೇ ನಿಜವೆಂದು ಕಲಿಸಿದಂತೆ. ಮುಂದೆ ಅದು ಎಚ್ಚರಿಸುವ ಹೊತ್ತಿಗೆ ತಡವಾಗಿರುತ್ತದೆ.

ಆದ್ದರಿಂದ ಕ್ರಮ ಹೀಗೆ. ಕಾರು ಮೂರು ಗಂಟೆಯಾದರೂ ನಿಂತು ಟೈರು ತಣಿದಿರಲಿ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಷ್ಟು ಗಾಳಿ ನಾಲ್ಕಕ್ಕೂ ಹೊಡೆಸಿ. ಆಮೇಲೆ ಗುಂಡಿ. ಹೊಸ ಟೈರು ಹಾಕಿಸಿದಾಗ, ಹಿಂದಿನದು ಮುಂದಕ್ಕೆ ಬದಲಿಸಿದಾಗ, ಪಂಕ್ಚರ್ ತೆಗೆಸಿದಾಗಲೂ ಹಾಗೆಯೇ. ಕೆಲವು ಕಾರುಗಳಲ್ಲಿ ಗುಂಡಿಯೇ ಇರುವುದಿಲ್ಲ. ಸ್ವಲ್ಪ ದೂರ ಓಡಿದರೆ ದೀಪ ತಾನೇ ಆರುತ್ತದೆ. ಸೊಲ್ಲಾಪುರದ ಚಳಿಗಾಲದಲ್ಲಿ ಮಧ್ಯಾಹ್ನ ಆರಿದ್ದ ದೀಪ ಬೆಳಗಿನ ಜಾವ ಹೊತ್ತಿದರೆ ಗಾಬರಿ ಬೇಡ. ಐದೂವರೆ ಡಿಗ್ರಿ ತಣಿದರೆ ಸುಮಾರು ಒಂದು ಪೌಂಡ್ ಇಳಿಯುತ್ತದೆ. ಆದರೂ ಅಳೆದು ನೋಡಿ. ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಉರಿದೇ ಇದ್ದರೆ ದೋಷ ವ್ಯವಸ್ಥೆಯಲ್ಲಿದೆ. ಸೆನ್ಸರಿನ ಬ್ಯಾಟರಿ ಮುಗಿದಿರಬಹುದು.

ನಮ್ಮ ದೇಶದಲ್ಲಿ 2020ರ ತಿದ್ದುಪಡಿಯಂತೆ, ಈ ವ್ಯವಸ್ಥೆಯೂ ಪಂಕ್ಚರ್ ಕಿಟ್ಟೂ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿಯಿಲ್ಲದೆ ರಾತ್ರಿ ಘಟ್ಟ ಇಳಿಯುವವರಿಗೆ ಆ ಹಳದಿ ದೀಪವೇ ದಿಕ್ಕು. ಕಾಸರಗೋಡಾಗಲಿ ತಾಳವಾಡಿಯಾಗಲಿ, ಗಾಳಿಯನ್ನು ಯಾವ ಭಾಷೆಯಲ್ಲಿ ಕರೆದರೂ, ಮೊದಲು ಗಾಳಿ, ಆಮೇಲೆ ಗುಂಡಿ.