ಪೋಸ್ಟರು ಉಳಿಯಿತು, ಚಿತ್ರ ಹೋಯಿತು

ಒಂದು ಪೋಸ್ಟರು ಇದೆ. ಅದರಲ್ಲಿ ಮೈತುಂಬ ಅಸ್ಥಿಪಂಜರದ ವೇಷ ತೊಟ್ಟ ಮುಸುಕುಧಾರಿ. ಚಿತ್ರದ ಹೆಸರು 'ದಿ ಕ್ರಿಮ್ಸನ್ ಸ್ಕಲ್', ಅಂದರೆ ಕಡುಗೆಂಪು ಬುರುಡೆ. 1922ರಲ್ಲಿ ಅಮೆರಿಕಾದಲ್ಲಿ ತೆರೆಗೆ ಬಂದ ಮೂಕಿಚಿತ್ರ. ತಲೆ ಕೆಡಿಸುವ ನಿಗೂಢ ಕತೆಯ ಕೌಬಾಯ್ ಚಿತ್ರ ಅಂತ ಅದನ್ನು ಪ್ರಚಾರ ಮಾಡಿದ್ದರು. 30 ಜನ ಕಪ್ಪು ಕೌಬಾಯ್‌ಗಳಿದ್ದಾರೆ, ಒಂದೇ ಕಾಲಿನ ಸಾಹಸಿ ಸ್ಟೀವ್ ರೆನಾಲ್ಡ್ಸ್ ಇದ್ದಾನೆ, ಕರಿಯರದೇ ಊರಾದ ಬೋಲಿಯಲ್ಲಿ ತಯಾರಾಗಿದೆ ಎಂದೆಲ್ಲ ಪೋಸ್ಟರು ಸಾರುತ್ತದೆ. ಆದರೆ ಚಿತ್ರ ಮಾತ್ರ ಇವತ್ತು ಇಲ್ಲ.

ಇಲ್ಲದ ಚಿತ್ರದ ಬಗ್ಗೆ ಬರೆಯೋದು ಹೇಗೆ? ದಲಿತರಿಗೆ ಈ ಕಷ್ಟ ಹೊಸದಲ್ಲ. ನಮ್ಮ ಚರಿತ್ರೆಯ ಬಹುಪಾಲನ್ನು ನಾವು ಓದಬೇಕಾಗಿರುವುದೇ ಬೇರೆಯವರು ಬರೆದಿಟ್ಟ ಕಾಗದದ ಅಂಚಿನಲ್ಲಿ.

ಆ ಕಾಲದಲ್ಲಿ ಅಮೆರಿಕಾದ ಚಿತ್ರಮಂದಿರಗಳಲ್ಲಿ ಕರಿಯರಿಗೆ ಸಿಗುತ್ತಿದ್ದುದು ಬಾಲ್ಕನಿ, ಇಲ್ಲವೇ ಸರಿರಾತ್ರಿಯ ಆಟ. ತೆರೆಯ ಮೇಲೆ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರಾಗುತ್ತಿದ್ದರು. ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' 1915ರಲ್ಲಿ ಕರಿಯರನ್ನು ಕಾಮುಕರಂತೆ ತೋರಿಸಿ ಜಯಭೇರಿ ಹೊಡೆದಿತ್ತು. ಇದಕ್ಕೆ ಎದುರಾಗಿ ಕರಿಯರಿಗಾಗಿಯೇ ಪ್ರತ್ಯೇಕ ಚಿತ್ರಗಳು ಹುಟ್ಟಿದವು. ಆಸ್ಕರ್ ಮಿಶೋ ಎಂಬ ಕರಿಯ ನಿರ್ದೇಶಕ ಜನಾಂಗದ್ವೇಷದ ಹಿಂಸೆಯನ್ನೇ ತೆರೆಗೆ ತಂದ. 'ಕ್ರಿಮ್ಸನ್ ಸ್ಕಲ್' ಮಾಡಿದ ರಿಚರ್ಡ್ ನಾರ್ಮನ್ ಮಾತ್ರ ಫ್ಲಾರಿಡಾದ ಬಿಳಿಯ. ಅವನು ಕರಿಯರನ್ನು ಕೋಡಂಗಿಗಳನ್ನಾಗಿ ಮಾಡಲಿಲ್ಲ. ನಾಯಕಿ ಅನಿತಾ ಬುಷ್ 1915ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸ್ವಂತ ನಾಟಕ ಕಂಪನಿ ಕಟ್ಟಿದ ಗಟ್ಟಿ ಹೆಂಗಸು. ಇಷ್ಟಾದರೂ ನಾರ್ಮನ್ ವ್ಯಾಪಾರಿ ಎಂಬುದನ್ನು ಮರೆಯಬೇಕಿಲ್ಲ. ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಲೈಬ್ರರಿಯಲ್ಲಿ ಇವತ್ತು ಜೋಪಾನವಾಗಿರುವುದು ಅವನ ಕಾಗದಪತ್ರ. ಕಾಸು ಕೊಟ್ಟು ಚಿತ್ರ ನೋಡಿದ ಕೂಲಿಯವನಿಗೆ, ಮನೆಗೆಲಸದವಳಿಗೆ ಏನನ್ನಿಸಿತು ಎಂಬುದಕ್ಕೆ ಫೈಲಿಲ್ಲ.

ಬೋಲಿ ಕಟ್ಟುಕತೆಯ ಊರಲ್ಲ. ಒಕ್ಲಹೋಮಾದಲ್ಲಿ 1903ರಲ್ಲಿ ಕರಿಯರು ತಾವೇ ಕಟ್ಟಿಕೊಂಡ ಊರು. 1907ರಲ್ಲಿ ಒಕ್ಲಹೋಮಾ ರಾಜ್ಯವಾದ ಕೂಡಲೇ ಅದರ ಶಾಸನಸಭೆ ಮಾಡಿದ ಮೊದಲ ಕಾನೂನು ಯಾವುದು ಗೊತ್ತೆ? ರೈಲಿನಲ್ಲಿ ಕರಿಯರಿಗೆ ಬೇರೆ ಡಬ್ಬಿ. ಚಿತ್ರ ತೆರೆಗೆ ಬರುವ ಹಿಂದಿನ ವರ್ಷ, 1921ರ ಮೇ ಕೊನೆಗೆ, ಅದೇ ರಾಜ್ಯದ ಟಲ್ಸಾದಲ್ಲಿ ಬಿಳಿಯರ ಗುಂಪು ಗ್ರೀನ್‌ವುಡ್ ಎಂಬ ಕರಿಯರ ಕೇರಿಗೆ ನುಗ್ಗಿ, ಕೊಂದು, ಸುಟ್ಟು ಬೂದಿ ಮಾಡಿತ್ತು.

ಈ ಹಿನ್ನೆಲೆಯಲ್ಲಿ ಪೋಸ್ಟರನ್ನು ಮತ್ತೆ ನೋಡಬೇಕು. ಚಿತ್ರದ ಲೋಕದಲ್ಲಿ ಬಿಳಿಯರೇ ಇಲ್ಲ. ಕಳ್ಳನೂ ಕರಿಯ, ಕಳ್ಳನನ್ನು ಹಿಡಿಯುವವನೂ ಕರಿಯ. ಮುಸುಕು ತೆಗೆದರೆ ಕಾಣುವುದೂ ಕಪ್ಪು ಮುಖವೇ. ಕೇರಿ ಸುಟ್ಟವರು ಕತೆಯಲ್ಲೇ ಇಲ್ಲದಿದ್ದರೆ ಅದು ತಪ್ಪಿಸಿಕೊಳ್ಳುವಿಕೆ ಅಲ್ಲವೆ ಅಂತ ಕೇಳಬಹುದು. ಕೇಳಲೇಬೇಕು. ಆದರೆ ದಿನವಿಡೀ ಧಣಿಯ ಮುಖ ನೋಡಿ ಬಂದವರಿಗೆ, ಒಂದು ಸಂಜೆ ಧಣಿಯೇ ಇಲ್ಲದ ಊರನ್ನು ನೋಡುವುದು ಸಣ್ಣ ಸುಖವಲ್ಲ. ಕುದುರೆ ಏರಿದ ತಮ್ಮವರನ್ನು ಅವರು ಕಂಡರು. ಕುದುರೆ ಏರಿದ ದಲಿತ ಮದುಮಗನನ್ನು ಕಲ್ಲು ಹೊಡೆದು ಇಳಿಸುವ ದೇಶದ ನಮಗೆ ಇದರ ಬೆಲೆ ಗೊತ್ತಾಗಬೇಕು.

ಚಿತ್ರದ ಇನ್ನೊಂದು ಆಕರ್ಷಣೆ ಬಿಲ್ ಪಿಕೆಟ್. ಓಡುವ ಹೋರಿಯ ಮೇಲೆ ಕುದುರೆಯಿಂದ ಧುಮುಕಿ ನೆಲಕ್ಕೆ ಕೆಡಹುವ ವರಸೆಗೆ ಹೆಸರಾದವನು. ಬಣ್ಣದ ಕಾರಣಕ್ಕೆ ಅವನನ್ನು ಎಷ್ಟೋ ಅಖಾಡಗಳು ಒಳಗೆ ಬಿಡುತ್ತಿರಲಿಲ್ಲ. 1990ರ ದಶಕದಲ್ಲಿ ಅಮೆರಿಕಾದ ಅಂಚೆ ಇಲಾಖೆ ಅವನ ಗೌರವಕ್ಕೆ ಅಂಚೆಚೀಟಿ ಮುದ್ರಿಸಿತು. ಅದರಲ್ಲಿದ್ದುದು ಅವನ ಮುಖವಲ್ಲ, ಸಹೋದರ ಬೆನ್‌ನದು! ತಪ್ಪು ಬಯಲಾದ ಮೇಲೆ ಹಿಂತೆಗೆದುಕೊಂಡು 1994ರಲ್ಲಿ ಹೊಸದಾಗಿ ತಂದರು. ತಪ್ಪು ಚೀಟಿಯ 1,50,000 ಹಾಳೆಗಳನ್ನು ಲಾಟರಿ ಎತ್ತಿ ಮಾರಿದರು. ಗುರುತು ಸಿಗದ ಕಪ್ಪು ಮುಖವೂ ಮಾರಾಟದ ಮಾಲಾಯಿತು.

ಅಮೆರಿಕಾದ ಮೂಕಿಚಿತ್ರಗಳಲ್ಲಿ ಹೆಚ್ಚಿನವು ಬಿಳಿಯರವಾದರೂ ನಾಶವಾಗಿವೆ, ಜಾತಿ-ಬಣ್ಣ ಯಾಕೆ ಎಳೆದು ತರುತ್ತೀರಿ ಅನ್ನುವವರಿದ್ದಾರೆ. ನಿಜ. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 11,000 ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ತಿ ಉಳಿದಿರುವುದು ಶೇ. 14 ಮಾತ್ರ. ನೈಟ್ರೇಟ್ ಫಿಲ್ಮು ಕೊಳೆಯುವಾಗ ಬಣ್ಣ ಕೇಳುವುದಿಲ್ಲ. ಆದರೆ ನೂರು ಮನೆ ಇದ್ದವನ ಹತ್ತು ಮನೆ ಬಿದ್ದರೂ ಅವನಿಗೆ ಸೂರಿರುತ್ತದೆ. ಒಂದೇ ಗುಡಿಸಲಿದ್ದವನದು ಹೋದರೆ ಅವನು ಬೀದಿಯಲ್ಲಿ.

ನಮ್ಮ ದೇಶದಲ್ಲೂ ಇಂಥದೊಂದು ನಷ್ಟವಿದೆ. ಮಲಯಾಳದ ಮೊದಲ ಕಥಾಚಿತ್ರ, ಜೆ.ಸಿ. ಡೇನಿಯಲ್‌ರ 'ವಿಗತಕುಮಾರನ್', ಅದೂ ಮೂಕಿ, ಅದೂ ಕಳೆದುಹೋಗಿದೆ. ಅದರಲ್ಲಿ ನಾಯರ್ ಹೆಣ್ಣಾಗಿ ಅಭಿನಯಿಸಿದ ಪಿ.ಕೆ. ರೋಸಿ ಪುಲಯ ಜಾತಿಯವಳು. ಪುಲಯಳು ನಾಯರ್ ಆಗುವುದೆ? ತಿರುವನಂತಪುರದ ಮೇಲ್ಜಾತಿಯವರು ರೊಚ್ಚಿಗೆದ್ದರು. ಅವಳು ಊರನ್ನೇ ಬಿಟ್ಟು ಓಡಬೇಕಾಯಿತು. ಇಲ್ಲಿ ಹಾಳಾದದ್ದು ಬರೀ ರೀಲಲ್ಲ, ಒಬ್ಬ ಹೆಣ್ಣುಮಗಳ ಬದುಕು.

ಹಾಗಾಗಿ 'ಕಳೆದುಹೋಯಿತು' ಎಂಬ ಮಾತನ್ನು ನಾವು ಸುಲಭವಾಗಿ ಒಪ್ಪಬಾರದು. ಯಾರು ಕಾಪಾಡಬೇಕಿತ್ತು, ಯಾಕೆ ಕಾಪಾಡಲಿಲ್ಲ ಅಂತ ಕೇಳುವುದು ವಿಮರ್ಶೆಯ ಕೆಲಸ. ಚಿತ್ರ ಸಿಕ್ಕೀತೋ ಇಲ್ಲವೋ, ನಟರ ಹೆಸರುಗಳು ಸಿಕ್ಕಿವೆ. ಅನಿತಾ ಬುಷ್, ಬಿಲ್ ಪಿಕೆಟ್, ಸ್ಟೀವ್ ರೆನಾಲ್ಡ್ಸ್. ಆ 30 ಜನ ಕೌಬಾಯ್‌ಗಳು ಮಾತ್ರ ಪೋಸ್ಟರಿನಲ್ಲಿ ಇನ್ನೂ ಬರೀ ಲೆಕ್ಕವಾಗಿಯೇ ಇದ್ದಾರೆ.