ಮಹಾವ್ಯಾಧ ನೀಹಾರಿಕೆಯ ಎಳೆಯ ತಾರೆಗಳು: ಒಂದು ಗಣತಿಯ ಇತಿಹಾಸ

ಮಹಾವ್ಯಾಧನ ನಡುಪಟ್ಟಿಯ ಕೆಳಗೆ, ಖಡ್ಗದ ಸ್ಥಾನದಲ್ಲಿ ಬರಿಗಣ್ಣಿಗೂ ಮಸುಕಾಗಿ ತೋರುವ ನೀಹಾರಿಕೆಯನ್ನು ದೂರದರ್ಶಕದಿಂದ ಕಂಡು 1610ರಲ್ಲಿಯೇ ಗುರುತಿಸಿದವನು ಫ್ರಾನ್ಸಿನ ಪೇರೆಸ್ಕ್. 1880ರಲ್ಲಿ ಹೆನ್ರಿ ಡ್ರೇಪರನು ಅದರ ಛಾಯಾಚಿತ್ರವನ್ನು ತೆಗೆದನು. ಸುಮಾರು 1,350 ಜ್ಯೋತಿರ್ವರ್ಷಗಳಾಚೆಯ ಈ ಅನಿಲರಾಶಿಯಲ್ಲಿ ತಾರೆಗಳು ಹುಟ್ಟುತ್ತಿವೆಯೆಂಬುದು ಇಪ್ಪತ್ತನೆಯ ಶತಮಾನದಲ್ಲಿ ನಿಶ್ಚಿತವಾಯಿತು. ಆದರೆ ಹಾಗೆ ಹುಟ್ಟಿದ ತಾರೆಗಳೆಷ್ಟು ಎಂಬ ಸರಳ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತುದು ತೀರ ಈಚೆಗೆ. ಆ ಉತ್ತರ ಬಂದ ಮಾರ್ಗವನ್ನು ಇಲ್ಲಿ ಪರಿಶೀಲಿಸಲು ಹೊರಟಿದ್ದೇವೆ.

ತೊಡಕು ಆಧಾರಗಳದು. ಎಳೆಯ ತಾರೆಗಳನ್ನು ಗುರುತಿಸಲು ವಿದ್ವಾಂಸರು ಬಹುಕಾಲ ನೆಚ್ಚಿದ್ದು ಎರಡು ಕುರುಹುಗಳನ್ನು: 1945ರಲ್ಲಿ ಆಲ್ಫ್ರೆಡ್ ಜಾಯ್ ವರ್ಗೀಕರಿಸಿದ ಟಿ-ಟಾರಿ ತಾರೆಗಳ ಪ್ರಖರವಾದ ರೋಹಿತರೇಖೆಗಳು, ಮತ್ತು ತಾರೆಯನ್ನು ಸುತ್ತುವರಿದ ಧೂಳಿನ ತಟ್ಟೆ ಸೂಸುವ ಅವಕೆಂಪು ಕಿರಣ. ಎರಡಕ್ಕೂ ಆ ತಟ್ಟೆಯೇ ಮೂಲ. ತಟ್ಟೆಯನ್ನು ಬೇಗನೆ ಕಳೆದುಕೊಂಡ ತಾರೆ, ವಯಸ್ಸಿನಲ್ಲಿ ಎಳೆಯದಾದರೂ, ಪಟ್ಟಿಯಿಂದ ಬಿಟ್ಟುಹೋಗುತ್ತಿತ್ತು. ಭೂದಾನದ ಶಾಸನಗಳನ್ನೇ ನೆಚ್ಚಿ ಒಂದು ಊರಿನ ಒಕ್ಕಲನ್ನು ಎಣಿಸಹೊರಟರೆ ಭೂಮಿಯಿಲ್ಲದವರು ಲೆಕ್ಕಕ್ಕೆ ಸಿಗರಷ್ಟೆ. ಇದೂ ಅಂತಹುದೇ ಲೋಪ.

ಕ್ಷ-ಕಿರಣ ಈ ಲೋಪವನ್ನು ಬಹುಮಟ್ಟಿಗೆ ತುಂಬಿತು. ಎಳೆಯ ತಾರೆಯ ಕಾಂತಕ್ಷೇತ್ರ ಪ್ರಬಲವಾದುದು. ಕಾಂತರೇಖೆಗಳು ಹೆಣೆದುಕೊಂಡು, ಕಡಿದು, ಮತ್ತೆ ಕೂಡಿದಾಗ ಅಲ್ಲಿಯ ಅನಿಲ ಕೋಟ್ಯಂತರ ಡಿಗ್ರಿಗೆ ಕಾದು ಕ್ಷ-ಕಿರಣವನ್ನು ಹೊಮ್ಮಿಸುತ್ತದೆ. ತಟ್ಟೆ ಇರಲೇಬೇಕೆಂಬ ನಿಯಮವಿಲ್ಲ. ವಯಸ್ಸಾದ ನಮ್ಮ ಸೂರ್ಯನ ಕ್ಷ-ಕಿರಣವಾದರೋ ಇದರ ಸಾವಿರದಲ್ಲೊಂದು ಪಾಲಿನಷ್ಟು. ಹೀಗಾಗಿ ಹಳಬರ ಗುಂಪಿನಿಂದ ಎಳೆಯರನ್ನು ಬೇರ್ಪಡಿಸುವುದು ಸುಲಭವಾಯಿತು.

ರಾಂಟ್ಜೆನ್ 1895ರಲ್ಲಿ ಕಂಡುಹಿಡಿದ ಈ ಕಿರಣವನ್ನು ನಮ್ಮ ವಾಯುಮಂಡಲ ಹೀರಿಬಿಡುವುದರಿಂದ ಆಕಾಶಶೋಧನೆಗೆ ರಾಕೆಟ್ಟಿನ ಕಾಲ ಬರಬೇಕಾಯಿತು. 1962ರ ಜೂನ್ ತಿಂಗಳಲ್ಲಿ ಜಿಯಾಕೋನಿಯ ತಂಡ ಚಂದ್ರನ ಕ್ಷ-ಕಿರಣವನ್ನು ಅರಸಿ ಹಾರಿಸಿದ ರಾಕೆಟ್ಟು ಕಂಡದ್ದು ವೃಶ್ಚಿಕದಲ್ಲಿನ ಪ್ರಬಲ ಮೂಲವೊಂದನ್ನು! 1978ರಲ್ಲಿ ಮೇಲೇರಿದ ಐನ್‌ಸ್ಟೈನ್ ವೀಕ್ಷಣಾಲಯ ಎಳೆಯ ತಾರೆಗಳ ಕ್ಷ-ಕಿರಣವನ್ನು ತೋರಿಸಿತು. ತಟ್ಟೆಯಿಲ್ಲದವು ಬೆಳಕಿಗೆ ಬಂದುದು ಅದರಿಂದಲೇ. ಲಾಹೋರಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಓದಿದ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತ ಚಂದ್ರ ವೀಕ್ಷಣಾಲಯ 1999ರಲ್ಲಿ ಕಕ್ಷೆ ಸೇರಿತು. 2003ರ ಜನವರಿಯಲ್ಲಿ ಸುಮಾರು 13 ದಿನಗಳ ಅವಧಿಯಲ್ಲಿ ಅದು ಈ ನೀಹಾರಿಕೆಯನ್ನೇ ದಿಟ್ಟಿಸಿ 1,616 ಮೂಲಗಳನ್ನು ಕಂಡಿತು. ಅವುಗಳಲ್ಲಿ ಸುಮಾರು 1,400 ಅಲ್ಲಿಯವೇ ಆದ ಎಳೆಯ ತಾರೆಗಳು. ಸೂರ್ಯನಂತಹ ತೂಕದವು ಸರಾಸರಿ ವಾರಕ್ಕೊಮ್ಮೆ ಭಾರಿಯಾಗಿ ಸಿಡಿಯುತ್ತಿದ್ದವು. ಈ ಸಿಡಿತಗಳು ಗ್ರಹಜನನದ ಮೇಲೂ ಪ್ರಭಾವ ಬೀರಿರಬಹುದೆಂಬ ಊಹೆ ಆಕರ್ಷಕವಾದುದು. ಸಿದ್ಧಾಂತವೆಂದು ಅಂಗೀಕರಿಸಲು ಮಾತ್ರ ನಾವು ಸಿದ್ಧರಿಲ್ಲ.

ಹೊಸ ಆಧಾರಕ್ಕೂ ತನ್ನದೇ ಪಕ್ಷಪಾತವುಂಟು. ತಟ್ಟೆಯಿಂದ ಅನಿಲವನ್ನು ಸೆಳೆದುಕೊಳ್ಳುತ್ತಿರುವ ತಾರೆಗಳು ಕ್ಷ-ಕಿರಣದಲ್ಲಿ ತುಸು ಮಂಕು. ಹಳೆಯ ಪಟ್ಟಿ ಮುಂದಿಟ್ಟವರನ್ನೇ ಹೊಸದು ಹಿಂದಕ್ಕೆ ತಳ್ಳುತ್ತದೆ. 2013ರಲ್ಲಿ ಪ್ರಕಟವಾದ 20 ಬೃಹತ್ ತಾರಾಜನನ ಪ್ರದೇಶಗಳ ಅಧ್ಯಯನದಲ್ಲಿ ಅವಕೆಂಪು, ಕ್ಷ-ಕಿರಣಗಳ ಪಟ್ಟಿಗಳೆರಡನ್ನೂ ಕೂಡಿಸಿ 31,000ಕ್ಕೂ ಮಿಕ್ಕ ತಾರೆಗಳನ್ನು ಎಣಿಸಿದುದು ಈ ಕಾರಣದಿಂದಲೇ.